ಹಗುರವಾದ ಪಂದ್ಯದ ಮೋಟಾರು

ಊರಿಗೆ ಬೆಂಕಿ ಬಿದ್ದಾಗ ನೀರೆತ್ತುವುದಕ್ಕಾಗಿ ರಚಿಸಿದ ಯಂತ್ರವೊಂದು ಕೆಲವೇ ವರ್ಷಗಳಲ್ಲಿ ಯೂರೋಪಿನ ಮೋಟಾರು ಪಂದ್ಯಗಳಲ್ಲಿ ಹೆಸರು ಗಳಿಸಿತೆಂದರೆ ಕೇಳುವವರಿಗೆ ಸೋಜಿಗವೆನಿಸಬಹುದು. ಆದರೆ ನಡೆದುದು ಹಾಗೆಯೇ.

1950ರ ಸುಮಾರಿನಲ್ಲಿ ಇಂಗ್ಲೆಂಡಿನ ಸರ್ಕಾರವು ಹೊಸ ಬಗೆಯ ಅಗ್ನಿಶಾಮಕ ಪಂಪೊಂದನ್ನು ಬಯಸಿತು. ಅದು ಯುದ್ಧಕಾಲದ ಪಂಪಿಗಿಂತ ಇಮ್ಮಡಿ ನೀರೆತ್ತಬೇಕು, ತೂಕದಲ್ಲಿ ಮಾತ್ರ ಅದರ ಅರ್ಧದಷ್ಟೇ ಇರಬೇಕು. ಕವೆಂಟ್ರಿ ಕ್ಲೈಮ್ಯಾಕ್ಸ್ ಕಾರ್ಖಾನೆಯ ವಾಲ್ಟರ್ ಹ್ಯಾಸನ್ ಮತ್ತು ಹ್ಯಾರಿ ಮಂಡಿ ಎಂಬ ಎಂಜಿನಿಯರುಗಳು ಇದಕ್ಕಾಗಿ ಅಲ್ಯೂಮಿನಿಯಂ ಮಿಶ್ರಲೋಹದಿಂದ 1020 ಘನ ಸೆಂಟಿಮೀಟರಿನ ಯಂತ್ರವೊಂದನ್ನು ನಿರ್ಮಿಸಿದರು. ಅದಕ್ಕೆ ಗರಿಯ ತೂಕದ್ದು ಎಂಬರ್ಥದ ‘ಫೆದರ್‌ವೆಯ್ಟ್’ ಎಂಬ ಹೆಸರಾಯಿತು. ಪಂದ್ಯದ ಹುಚ್ಚು ಹತ್ತಿದವರ ಕಣ್ಣಿಗೆ ಇಂಥದು ಬೀಳದೆ ಇದ್ದೀತೆ? ಪಂಪಿನಲ್ಲಿ ಸುಮಾರು 38 ಅಶ್ವಶಕ್ತಿಯನ್ನು ಕೊಡುತ್ತಿದ್ದ ಯಂತ್ರವನ್ನು 1098 ಘನ ಸೆಂಟಿಮೀಟರಿಗೆ ಹಿಗ್ಗಿಸಿ, 70ಕ್ಕೂ ಹೆಚ್ಚು ಅಶ್ವಶಕ್ತಿ ಬರುವಂತೆ ಮಾಡಿದರು. 1954ರಲ್ಲಿ ಅದು ಕೀಫ್ಟ್ ಎಂಬ ಗಾಡಿಯಲ್ಲಿ ಕುಳಿತು, ಫ್ರಾನ್ಸಿನ ಲೆ ಮಾನ್ ಪಟ್ಟಣದ 24 ಗಂಟೆಗಳ ಪಂದ್ಯಕ್ಕಿಳಿಯಿತು.

ಈ ಯಂತ್ರಕ್ಕೆ ತಕ್ಕ ಮೈಯನ್ನು ಒದಗಿಸಿದವನು ಕಾಲಿನ್ ಚಾಪ್‌ಮನ್. ಲಂಡನ್ ನಗರದ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡ ರಚನೆಯ ಶಾಸ್ತ್ರವನ್ನು ಕಲಿತವನು. 1948ರಲ್ಲಿ ಹಳೆಯ ಆಸ್ಟಿನ್ ಗಾಡಿಯೊಂದನ್ನು ಬಿಚ್ಚಿ ತನ್ನ ಮೊದಲ ಮೋಟಾರನ್ನು ಕಟ್ಟಿದವನು. 1952ರಲ್ಲಿ ಸ್ಥಾಪಿಸಿದ ತನ್ನ ಕಂಪನಿಗೆ ಆತನು ಇಟ್ಟ ಹೆಸರು ಲೋಟಸ್, ಎಂದರೆ ತಾವರೆ. 1956ರಲ್ಲಿ ಹೊರಟ ಆತನ ಹನ್ನೊಂದನೆಯ ಮಾದರಿಗೆ ‘ಇಲೆವನ್’ ಎಂದೇ ಹೆಸರು.

ಸೇತುವೆಯನ್ನು ಕಟ್ಟುವವನ ಕಣ್ಣಿನಿಂದ ಚಾಪ್‌ಮನ್ ಮೋಟಾರನ್ನು ನೋಡಿದನೆಂದು ಹೇಳಬಹುದು. ಅದುವರೆಗೆ ಬಹುಮಟ್ಟಿಗೆ ಎರಡು ದಪ್ಪ ತೊಲೆಗಳ ಮೇಲೆ ಗಾಡಿಯನ್ನು ನಿಲ್ಲಿಸುವುದು ವಾಡಿಕೆ. ಈತನಾದರೋ ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನಾಕಾರವಾಗಿ ಬೆಸೆದು ಪಂಜರವೊಂದನ್ನು ಮಾಡಿದನು. ಚೌಕಟ್ಟು ಅಲುಗಿದರೆ ಓರೆಯಾಗುತ್ತದೆ, ತ್ರಿಕೋನ ಓರೆಯಾಗುವುದಿಲ್ಲ. ಮನೆಯ ಮೇಲುಛಾವಣಿಯನ್ನು ಕಟ್ಟುವ ಬಡಗಿಗೂ ತಿಳಿದ ಮಾತು ಇದು. ಗಾಡಿಯ ತಳದ ಹಾಳೆಯನ್ನು ಪಂಜರಕ್ಕೆ ರಿವೆಟ್ಟು ಹೊಡೆದು ಬಿಗಿದುದರಿಂದ, ಧೂಳನ್ನು ತಡೆಯುವ ತಗಡೇ ಬಲವನ್ನೂ ಕೊಟ್ಟಿತು. ಒಂದೊಂದು ಅಂಗಕ್ಕೂ ಎರಡೆರಡು ಕೆಲಸಗಳನ್ನು ಹಚ್ಚುವುದರಲ್ಲಿಯೇ ಈತನ ಹಗುರತನದ ಗುಟ್ಟೆಲ್ಲ ಇತ್ತೆಂಬುದು ನನ್ನ ಅಭಿಪ್ರಾಯ. ವಿಮಾನದ ಕಾರ್ಖಾನೆಯಲ್ಲಿ ಗಾಳಿಯ ನಡೆಯನ್ನು ಅಭ್ಯಸಿಸಿದ್ದ ಫ್ರಾಂಕ್ ಕಾಸ್ಟಿನ್ ಮೇಲಿನ ಹೊದಿಕೆಯನ್ನು ರೂಪಿಸಿದನು. ಎಲ್ಲ ಸೇರಿ ಗಾಡಿಯ ತೂಕ ಸುಮಾರು 1000 ಪೌಂಡು!

ಅದೇ ವರ್ಷ ಲೆ ಮಾನ್‌ನಲ್ಲಿ ಬಿಕ್‌ನೆಲ್ ಮತ್ತು ಜಾಪ್ ನಡೆಸಿದ ಇಲೆವನ್ ತನ್ನ ವರ್ಗದಲ್ಲಿ ಗೆದ್ದು, ಒಟ್ಟಿನಲ್ಲಿ ಏಳನೆಯದಾಯಿತು. ಇಟಲಿಯ ಮಾಂಜಾದಲ್ಲಿ ಸ್ಟರ್ಲಿಂಗ್ ಮಾಸ್ ತಲೆಯ ಮೇಲೆ ಗಾಜಿನಂಥ ಮುಚ್ಚಳವಿದ್ದ ಇಲೆವನ್ ಒಂದರಲ್ಲಿ ಕುಳಿತು ಗಂಟೆಗೆ 143 ಮೈಲಿಯ ವೇಗದಲ್ಲಿ ಸುತ್ತು ಹಾಕಿದನು. 1957ರಲ್ಲಿ ಇನ್ನೂ ಸಣ್ಣದಾದ 744 ಘನ ಸೆಂಟಿಮೀಟರಿನ ಯಂತ್ರವುಳ್ಳ ಇಲೆವನ್, ಗಾತ್ರಕ್ಕೆ ತಕ್ಕ ದೂರವನ್ನು ಗೊತ್ತುಮಾಡಿ ಅದನ್ನು ಹೆಚ್ಚಾಗಿ ಮೀರಿದವರಿಗೆ ಕೊಡುವ ಲೆ ಮಾನ್‌ನ ಬಹುಮಾನವನ್ನು ಪಡೆಯಿತು. ಸಣ್ಣ ಗಾಡಿಗಳ ಆ ಬಹುಮಾನವನ್ನು ಫ್ರೆಂಚರು ತಮ್ಮ ಮನೆಯ ಸೊತ್ತೆಂದೇ ಭಾವಿಸಿದ್ದರು.

ಆ ಪಂದ್ಯದಲ್ಲಿಯೇ 1100ರ ವರ್ಗವನ್ನು ಗೆದ್ದವರು ಚೇಂಬರ್‌ಲಿನ್ ಮತ್ತು ಮೆಕೇ-ಫ್ರೇಸರ್. ಮೂರು ವಾರಗಳ ತರುವಾಯ, ಜುಲೈ 14ರಂದು, ರಾನ್ಸ್ ಪಟ್ಟಣದ ಪಂದ್ಯದಲ್ಲಿ ಮೆಕೇ-ಫ್ರೇಸರ್ ಇಲೆವನ್ ಗಾಡಿಯನ್ನು ಓಡಿಸುತ್ತಿದ್ದಾಗ ಅಪಘಾತಕ್ಕೀಡಾಗಿ ಮೃತನಾದನು. ದೋಷವನ್ನು ಗಾಡಿಯ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ. ಭಾರವಾದ ಗಾಡಿಗಳೂ ಆ ಕಾಲದಲ್ಲಿ ಅನೇಕರನ್ನು ಬಲಿ ತೆಗೆದುಕೊಂಡುವು. ಆದರೂ ತೆಳ್ಳನೆಯ ತಗಡು ಗಾಳಿಯನ್ನು ಸೀಳಬಲ್ಲುದೇ ಹೊರತು ಚಾಲಕನನ್ನು ಕಾಯಲಾರದು.

ಸುಮಾರು 270 ಇಲೆವನ್‌ಗಳಾದ ಮೇಲೆ, 1959ರಲ್ಲಿ, ಅದಕ್ಕಿಂತಲೂ ಸಣ್ಣದಾದ, ಹಗುರವಾದ ‘ಸೆವೆಂಟೀನ್’ ಬಂದಿತು. ಆದರೆ ಅದರ ಮುಂಗಾಲಿಗಳ ತೂಗುವ್ಯವಸ್ಥೆ ಸರಿಹೋಗದೆ, ಗಾಡಿಯು ತಿರುವುಗಳಲ್ಲಿ ಹಿಡಿತಕ್ಕೆ ಬರಲಿಲ್ಲ. ಎರಿಕ್ ಬ್ರಾಡ್ಲಿ ಕಟ್ಟಿದ ಲೋಲಾ ಎಂಬ ಗಾಡಿಯು ಅದೇ ಬೆಂಕಿಪಂಪಿನ ವಂಶದ ಯಂತ್ರವನ್ನೇ ಹೊತ್ತು ಅದನ್ನು ಸೋಲಿಸಿತು. ಕೊನೆಗೆ ಸೆವೆಂಟೀನಿನ ಮುಂಭಾಗಕ್ಕೆ, ಕಡೆಯ ಇಲೆವನ್‌ಗಳಲ್ಲಿದ್ದಂತೆ, ಮೇಲೊಂದು ಕೆಳಗೊಂದು ತೋಳುಗಳನ್ನು ಜೋಡಿಸಬೇಕಾಯಿತು.