ಪಾದದ ಗಂಟು ನೋಯದಿದ್ದರೆ ಫಂಗಸ್ ಕ್ರೀಮ್ ಸಾಕೇ?

ಸಾಲದು. ನೋವಿಲ್ಲ ಎಂದರೆ ಅಪಾಯವಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಮೈಸಿಟೋಮಾ ಎಂಬ ಕಾಯಿಲೆಯಲ್ಲಿ ಈ ನಂಬಿಕೆಯೇ ಕಾಲಿಗೆ ಮುಳುವಾಗಬಹುದು.

ಇದಕ್ಕೆ 'ಮದುರಾ ಫುಟ್' ಎಂಬ ಹೆಸರೂ ಇದೆ. ಉತ್ತರದ ಮಥುರೆಗೂ ಇದಕ್ಕೂ ಸಂಬಂಧವಿಲ್ಲ! 1842ರಲ್ಲಿ ಜಾನ್ ಗಿಲ್ ಎಂಬ ವೈದ್ಯರು ತಮಿಳುನಾಡಿನ ಮದುರೈಯಲ್ಲಿ ಇದನ್ನು ಕಂಡು ವರದಿ ಮಾಡಿದ್ದರಿಂದ ಬಂದ ಹೆಸರು. ಇಂದು ಸುಡಾನ್, ಮೆಕ್ಸಿಕೊ, ಭಾರತದಂಥ ಬಿಸಿಲು ನಾಡುಗಳಲ್ಲಿ, ಹೆಚ್ಚಾಗಿ ಬರಿಗಾಲಲ್ಲಿ ದುಡಿಯುವವರಲ್ಲಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ.

ಮುಳ್ಳು ಚುಚ್ಚಿದಾಗ ಮಣ್ಣಿನಲ್ಲಿರುವ ಸೂಕ್ಷ್ಮಜೀವಿ ಚರ್ಮದಡಿಗೆ ಇಳಿಯುತ್ತದೆ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಗಂಟು ಮೂಡುತ್ತದೆ. ಅಷ್ಟರಲ್ಲಿ ಮುಳ್ಳಿನ ನೆನಪೂ ಹೋಗಿರುತ್ತದೆ. ಆಮೇಲೆ ಸಣ್ಣ ತೂತುಗಳಾಗಿ ಕೀವಿನ ಜೊತೆ ಸಾಸಿವೆಗಿಂತ ಚಿಕ್ಕ ಕಾಳುಗಳು ಹೊರಬರುತ್ತವೆ. ಹಾಗೇ ಬಿಟ್ಟರೆ ಸೋಂಕು ಮೂಳೆಯನ್ನೂ ತಿನ್ನುತ್ತದೆ. ಹುಳುಕಡ್ಡಿಗೆ ಹಚ್ಚುವ ಕ್ರೀಮ್ ಅಷ್ಟು ಆಳಕ್ಕೆ ಇಳಿಯುವುದೇ ಇಲ್ಲ.

ಇನ್ನೊಂದು ತೊಡಕಿದೆ. ಹೊರಗಿನಿಂದ ಒಂದೇ ಥರ ಕಾಣುವ ಈ ಗಂಟಿಗೆ ಕಾರಣ ಫಂಗಸ್ ಆಗಿರಬಹುದು, ಬ್ಯಾಕ್ಟೀರಿಯಾವೂ ಆಗಿರಬಹುದು. ಬ್ಯಾಕ್ಟೀರಿಯಾ ಆದರೆ ಕೋಟ್ರೈಮಾಕ್ಸಜೋಲ್, ಅಮಿಕಾಸಿನ್‌ನಂಥ ಆಂಟಿಬಯೋಟಿಕ್‌ಗಳಿಂದ ಹೆಚ್ಚಿನವರು ಗುಣವಾಗುತ್ತಾರೆ. ಫಂಗಸ್ ಆದರೆ ದಾರಿ ಉದ್ದ: ಇಟ್ರಾಕೊನಜೋಲ್ ಮಾತ್ರೆ ಸುಮಾರು ಒಂದು ವರ್ಷ, ಜೊತೆಗೆ ಶಸ್ತ್ರಚಿಕಿತ್ಸೆ. ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು. ತಡವಾದರೆ ಪಾದವನ್ನೇ ತೆಗೆಯಬೇಕಾಗಬಹುದು. ವಾರಕ್ಕೊಮ್ಮೆ ನುಂಗುವ ಫೋಸ್‌ರವುಕೊನಜೋಲ್ ಎಂಬ ಔಷಧಿಯನ್ನು ಸುಡಾನ್‌ನಲ್ಲಿ ಪರೀಕ್ಷಿಸಿದಾಗ ಆಶಾದಾಯಕ ಫಲಿತಾಂಶ ಸಿಕ್ಕಿದೆ. ಹಾಗಾಗಿ ಒಬ್ಬರಿಗೆ ವಾಸಿಯಾದ ಮಾತ್ರೆಯ ಚೀಟಿಯನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುವುದು ಈ ಕಾಯಿಲೆಯಲ್ಲಂತೂ ನೇರ ಹಾನಿ.

ಅಂದಹಾಗೆ ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯ ತಟ್ಟೆ, ಹಾಸಿಗೆ ಬೇರೆ ಮಾಡಬೇಕಿಲ್ಲ.

ಕಾಳುಗಳು ಕಂಡರೆ ಫೋಟೊ ತೆಗೆದಿಟ್ಟುಕೊಂಡು ಚರ್ಮರೋಗ ತಜ್ಞರಿಗೆ ತೋರಿಸಿ. ಕಪ್ಪು ಕಾಳು ಸಾಮಾನ್ಯವಾಗಿ ಫಂಗಸ್‌ನ ಸುಳಿವು, ಕೆಂಪು ಬ್ಯಾಕ್ಟೀರಿಯಾದ್ದು. ಬಿಳಿ ಕಾಳು ಎರಡರಲ್ಲೂ ಬರುತ್ತದೆ. ಹಾಗಾಗಿ ಬಣ್ಣವೊಂದನ್ನೇ ನಂಬದೆ ವೈದ್ಯರು ಗಂಟಿನ ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.