ಬಾಳಿದವಳಿಗೆ ಕಲ್ಲಿಲ್ಲ: ಸಾಮಾನ್ಯ ಹೆಣ್ಣಿನ ಶೌರ್ಯ ಮತ್ತು ಸಾಕ್ಷ್ಯದ ಪ್ರಶ್ನೆ

ಕನ್ನಡ ನಾಡು ಶೌರ್ಯವನ್ನು ದಾಖಲಿಸಿಕೊಂಡ ಮುಖ್ಯ ಮಾಧ್ಯಮ ವೀರಗಲ್ಲು. ಅದರ ರಚನೆ ಪರಿಚಿತವಾದದ್ದು. ಕೆಳಗಿನ ಫಲಕದಲ್ಲಿ ಕಾಳಗ, ನಡುವೆ ಮಡಿದ ವೀರನನ್ನು ಅಪ್ಸರೆಯರು ಮೇಲಕ್ಕೊಯ್ಯುವ ನೋಟ, ಮೇಲೆ ದೇವರ ಸನ್ನಿಧಿ. ಎಂ. ಚಿದಾನಂದಮೂರ್ತಿ ಹಾಗೂ ಆರ್. ಶೇಷಶಾಸ್ತ್ರಿಯವರ ಅಧ್ಯಯನಗಳು ಈ ಕಲ್ಲುಗಳ ಹಿಂದಿನ ಬದುಕನ್ನು ನಮಗೆ ತೆರೆದು ತೋರಿಸಿವೆ. ತುರುಗೊಳ್ (ದನಗಳ ಅಪಹರಣ), ಊರಳಿವು (ಊರಿನ ನಾಶ), ಗಡಿಜಗಳ, ಪೆಣ್ಬುಯ್ಯಲ್ (ಹೆಣ್ಣಿನ ಮೊರೆ) ಹೀಗೆ ವೀರ ಮಡಿಯಲು ಕಾರಣಗಳು ಹಲವು. ಇವುಗಳಲ್ಲಿ ಪೆಣ್ಬುಯ್ಯಲಿನ ಪ್ರಸಂಗದಲ್ಲಿ ಹೆಣ್ಣು ಮೊರೆಯಿಡುವವಳು, ಮೊರೆ ಕೇಳಿ ಓಡಿ ಬಂದು ಸತ್ತವನು ವೀರ. ನಡುವಿನ ಫಲಕದಲ್ಲಿ ಹೆಣ್ಣು ಮತ್ತೆ ಕಾಣಿಸುತ್ತಾಳೆ, ಆದರೆ ಅಲ್ಲಿ ಅಪ್ಸರೆ.

ಇದನ್ನು ಕೇವಲ ಲಿಂಗತಾರತಮ್ಯವೆಂದು ಓದಿದರೆ ಅರ್ಧ ವಿಷಯ ಕೈತಪ್ಪುತ್ತದೆ. ಶ್ರವಣಬೆಳಗೊಳದ ಒಂದು ಕಲ್ಲು ಬಗೆಯೂರಿನ ಕಾಳಗದಲ್ಲಿ ಗಂಡನ ಜೊತೆ ಹೋರಾಡಿ ಮಡಿದ ಸಾವಿಯಬ್ಬೆಯನ್ನು ನೆನೆಯುತ್ತದೆ. 10ನೇ ಶತಮಾನದ ಆತಕೂರು ಶಾಸನದಲ್ಲಿ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೂ ಸ್ಮಾರಕದ ಗೌರವ ಸಂದಿದೆ. ಹೆಣ್ಣಿಗೂ ಪ್ರಾಣಿಗೂ ತೆರೆದಿದ್ದ ಆ ಬಾಗಿಲು ಬದುಕಿ ಉಳಿದವರಿಗೆ ತೆರೆಯುತ್ತಿರಲಿಲ್ಲ. ಕಲ್ಲು ಕೇಳಿದ್ದು ಒಂದು ಗಳಿಗೆಯನ್ನು, ಆ ಗಳಿಗೆಯಲ್ಲಿ ಬಂದ ಸಾವನ್ನು. ನಲವತ್ತು ವರ್ಷಗಳ ಉದ್ದಕ್ಕೂ ದಿನದಿನ ಹರಡಿಕೊಂಡ ಧೈರ್ಯವನ್ನು ಕೆತ್ತುವ ಫಲಕ ಆ ಶಿಲ್ಪದಲ್ಲಿಯೇ ಇಲ್ಲ. ಸಾಮಾನ್ಯ ಹೆಣ್ಣಿನ ಶೌರ್ಯವನ್ನು ಗುರುತಿಸುವ ಯಾವ ಪ್ರಯತ್ನವೂ ಈ ತೊಡಕಿನಿಂದಲೇ ಆರಂಭವಾಗಬೇಕು ಎಂಬುದು ಈ ಲೇಖನದ ವಾದ.

ಸಹಗಮನ ಮಾಡಿದವರ ನೆನಪಿಗೆ ನೆಟ್ಟ ಮಾಸ್ತಿಕಲ್ಲುಗಳಲ್ಲಿ ಈ ತೊಡಕು ಇನ್ನೂ ಸ್ಪಷ್ಟ. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮಡಿಚಿ ಮೇಲೆದ್ದ ಒಂದು ತೋಳು, ಒಡೆಯದ ಬಳೆಗಳು, ಬೆರಳ ನಡುವೆ ನಿಂಬೆಹಣ್ಣು. ನೀರು ಸೇದಿದ, ರಾಗಿ ಬೀಸಿದ, ಕೂಸನ್ನು ಎತ್ತಿದ ತೋಳೂ ಇದೇ. ಆ ಕೆಲಸಗಳ ಗುರುತು ಕಲ್ಲಿನಲ್ಲಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆಯ ಸಹಗಮನವನ್ನು ದೀರ್ಘವಾಗಿ, ಕಾವ್ಯಗುಣದಿಂದ ನಿರೂಪಿಸುತ್ತದೆ. ಬೇಡವೆಂದು ತಡೆದ ಬಂಧುಗಳಿಗೆ ಆಕೆ ಉತ್ತರ ಕೊಡುತ್ತಾಳೆ. ಅದಕ್ಕೂ ಮುಂಚಿನ ಅವಳ ಮಾತು ಯಾವುದೂ ನಮಗೆ ಕೇಳಿಸುವುದಿಲ್ಲ. ಇಂಥ ಶಾಸನಗಳನ್ನು ಸ್ತ್ರೀಶೌರ್ಯದ ಆಕರಗಳೆಂದು ಪಟ್ಟಿಮಾಡುವ ಅಭ್ಯಾಸವನ್ನು ನಾವು ಕೈಬಿಡಬೇಕು. ಅವು ಹೆಣ್ಣಿನ ಸಾವಿನಿಂದ ಊರು ಪಡೆದುಕೊಂಡ ಪುಣ್ಯದ ಆಕರಗಳು. ಬಂದಳಿಕೆಯ ಶಾಸನ ಮಾತ್ರ ಬೇರೆ ದಾರಿಯನ್ನು ಕೊಂಚ ತೋರಿಸುತ್ತದೆ. 10ನೇ ಶತಮಾನದ ಆರಂಭದಲ್ಲಿ ಗಂಡ ಸತ್ತ ಬಳಿಕ ನಾಗರಖಂಡ ಎಪ್ಪತ್ತು ಎಂಬ ನಾಡಿನ ಆಡಳಿತ ವಹಿಸಿಕೊಂಡ ಜಕ್ಕಿಯಬ್ಬೆಯ ಸಾಮರ್ಥ್ಯವನ್ನು ಅದು ಹೊಗಳುತ್ತದೆ. ಆದರೂ ಅದರ ಕೊನೆ ಆಕೆ ವ್ರತಸ್ಥಳಾಗಿ ದೇಹಬಿಟ್ಟ ಪ್ರಸಂಗವೇ.

ಸಾವನ್ನು ಕೇಳುವ ಈ ಪದ್ಧತಿ ಕಲ್ಲಿನ ಜೊತೆ ಮುಗಿಯಲಿಲ್ಲ. ಮನೆವಾರ್ತೆಯ ದುಡಿಮೆಗೆ ಭಾರತದ ನ್ಯಾಯಾಲಯಗಳು ಬೆಲೆ ಕಟ್ಟಿದ ಬಗೆಯನ್ನು ನೋಡಿ. 1989ರ ಜೆಮ್‌ಶೆಡ್‌ಪುರದ ಬೆಂಕಿ ದುರಂತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ, 34ರಿಂದ 59 ವಯಸ್ಸಿನ ಗೃಹಿಣಿಯರ ಸೇವೆಗೆ ತಿಂಗಳಿಗೆ 3,000 ರೂಪಾಯಿ ಮೌಲ್ಯ ಗೊತ್ತುಪಡಿಸಿತು. 2010ರಲ್ಲಿ ಅದೇ ನ್ಯಾಯಾಲಯ, ಜನಗಣತಿ ಗೃಹಿಣಿಯರನ್ನು ಭಿಕ್ಷುಕರ, ಕೈದಿಗಳ ಜೊತೆ ದುಡಿಯದವರ ಸಾಲಿಗೆ ಸೇರಿಸಿದ್ದನ್ನು ಕಟುವಾಗಿ ಟೀಕಿಸಿತು. 2021ರ ಇನ್ನೊಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು 2019ರ ಸಮಯ ಬಳಕೆ ಸಮೀಕ್ಷೆಯನ್ನು ಉಲ್ಲೇಖಿಸಿದರು. ಆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಇವು ಮಾನವೀಯವಾದ ತೀರ್ಪುಗಳು, ಅವುಗಳ ಭಾಷೆಯಲ್ಲಿ ನಿಜವಾದ ಕಳಕಳಿಯಿದೆ. ಆದರೆ ಮೂರೂ ಪರಿಹಾರದ ಮೊಕದ್ದಮೆಗಳು. ಆ ಹೆಣ್ಣುಮಕ್ಕಳ ದುಡಿಮೆ ಲೆಕ್ಕಕ್ಕೆ ಬಂದದ್ದು ಅವರು ಬೆಂಕಿಯಲ್ಲೋ ರಸ್ತೆಯಲ್ಲೋ ತೀರಿಕೊಂಡ ಮೇಲೆ. ಸಾವಿರ ವರ್ಷಗಳ ಅಂತರದಲ್ಲಿ ಶಿಲ್ಪಿಯೂ ನ್ಯಾಯಾಧೀಶರೂ ಒಂದೇ ಕ್ಷಣಕ್ಕಾಗಿ ಕಾಯಬೇಕಾಯಿತು ಎಂಬುದು ನನ್ನನ್ನು ತುಂಬ ಕಲಕಿದ ಸಂಗತಿ.

ಹಾಗಾದರೆ ಬದುಕಿನ ನಡುವೆಯೇ ಹುಟ್ಟಿದ ದಾಖಲೆಗಳು ಯಾವುವು? 12ನೇ ಶತಮಾನದ ಶರಣೆಯರ ಹೆಸರುಗಳಲ್ಲಿ ಕಸುಬು ಅಂಟಿಕೊಂಡೇ ಉಳಿದಿದೆ: ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವಂತೂ ಈ ಚರ್ಚೆಗೆ ಅಡಿಪಾಯವಾಗಬಲ್ಲದು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಬೇಡ, ಅಲ್ಲಿಯೇ ಸುರಿದು ಬನ್ನಿ ಎಂದವಳು ಆಕೆ. ರಕ್ತವಿಲ್ಲ, ಅಪ್ಸರೆಯರಿಲ್ಲ, ನಾಳೆಯೂ ಒಲೆ ಹೊತ್ತಬೇಕು. ಬಡತನದೊಳಗೆ ನಿಂತು ಹೆಚ್ಚಿನದನ್ನು ಬೇಡವೆನ್ನುವುದು ಸಹನೆಯಲ್ಲ, ತೀರ್ಮಾನ. ಈ ವ್ಯತ್ಯಾಸವನ್ನು ಸಂಶೋಧಕರು ಬಿಡದೆ ಹಿಡಿದುಕೊಳ್ಳಬೇಕು. ಹೊಡೆತ ತಿಂದು ಸುಮ್ಮನಿದ್ದವಳನ್ನು ವೀರೆಯೆಂದು ಕೊಂಡಾಡಿದರೆ ಹೊಡೆದವನಿಗೆ ರಕ್ಷಣೆ ಕೊಟ್ಟಂತಾಗುತ್ತದೆ. ಬೇರೆ ದಾರಿಯಿದ್ದೂ ಕಷ್ಟದ ದಾರಿ ಹಿಡಿದಳೇ, ಅದರಿಂದ ಇನ್ನೊಬ್ಬರ ಬಾಳು ಉಳಿಯಿತೇ, ಮಾರನೆಯ ದಿನವೂ ಅದನ್ನೇ ಮಾಡಿದಳೇ ಎಂದು ಕೇಳದೆ ಶೌರ್ಯವೆಂಬ ಮಾತನ್ನು ಬಳಸಬಾರದು.

1931ರಲ್ಲಿ ಹಲಸಂಗಿ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಇಂಥ ಇನ್ನೊಂದು ಆಕರ. ಕೋಳಿ ಕೂಗುವ ಮೊದಲೇ ಎದ್ದು ಬೀಸುಕಲ್ಲಿನ ಮುಂದೆ ಕೂತವರ ತ್ರಿಪದಿಗಳು ಅವು. ಅವುಗಳನ್ನು ಕಾವ್ಯಸೌಂದರ್ಯಕ್ಕಾಗಿ ಸಾಕಷ್ಟು ಓದಿದ್ದೇವೆ, ದುಡಿಮೆಯ ದಾಖಲೆಯೆಂದು ಓದಿದ್ದು ಕಡಿಮೆ.

ನಮ್ಮ ಕಾಲದ ಉದಾಹರಣೆಯಾಗಿ ಸೂಲಗಿತ್ತಿ ನರಸಮ್ಮ ಅವರನ್ನು ತೆಗೆದುಕೊಳ್ಳೋಣ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಈಕೆ ಅಜ್ಜಿಯಿಂದ ಕಲಿತ ವಿದ್ಯೆಯಿಂದ, ಹಣ ಪಡೆಯದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ನಾಡು ನೆನೆಯುತ್ತದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ತಮ್ಮ 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಗುರುತಿಸಲು ಇಷ್ಟು ತಡವಾದದ್ದಕ್ಕೆ ಹೆಣ್ಣು, ಅಕ್ಷರ ಕಲಿಯದವಳು ಎಂಬ ಕಾರಣಗಳನ್ನು ಮುಂದಿಡಬಹುದು, ಅವು ಸತ್ಯವೂ ಹೌದು. ಅದರಾಚೆಗೆ ಕಸುಬಿನ ಸ್ವಭಾವದಲ್ಲೇ ಒಂದು ಕಾರಣವಿದೆ. ಹೆರಿಗೆ ಸುಸೂತ್ರವಾದರೆ ಅಲ್ಲಿ ಘಟನೆಯೇ ಇಲ್ಲ. ತಾಯಿ ಉಳಿದಳು, ಕೂಸು ಅತ್ತಿತು, ಸೂಲಗಿತ್ತಿ ಕೈ ತೊಳೆದುಕೊಂಡು ಮನೆಗೆ ಹೋದಳು. ಅಡ್ಡಬಿದ್ದ ಕೂಸನ್ನು ಕತ್ತಲಲ್ಲಿ ಬೆರಳಿನಿಂದ ಗುರುತಿಸಿ ತಿರುಗಿಸಿದ ಆ ಒಂದು ಗಳಿಗೆಯ ಧೈರ್ಯಕ್ಕೆ ಉಳಿಯುವ ಸಾಕ್ಷ್ಯವೆಂದರೆ ಮುಂದೆ ಏನೂ ಅನಾಹುತವಾಗದೇ ಇದ್ದದ್ದು. ನಡೆಯದೇ ಹೋದದ್ದನ್ನು ಯಾವ ರಿಜಿಸ್ಟರೂ ಬರೆದುಕೊಳ್ಳುವುದಿಲ್ಲ. 15,000 ಎಂಬ ಅಂಕಿಯನ್ನು ಆಸ್ಪತ್ರೆಯ ಲೆಕ್ಕದಂತೆ ಪರೀಕ್ಷಿಸಲು ಹೊರಡುವ ಬದಲು, ಇಂಥವರನ್ನು ಆಕೆಯೇ ಹೆರಿಗೆ ಮಾಡಿಸಿದ್ದು ಎಂದು ಮನೆಮನೆಯೂ ಉಳಿಸಿಕೊಂಡ ನೆನಪಿನ ಮೊತ್ತವೆಂದು ಓದಬೇಕೆಂಬುದು ನನ್ನ ನಿಲುವು.

ಕ್ಷೇತ್ರಕಾರ್ಯದ ಕ್ರಮವೂ ಬದಲಾಗಬೇಕು. ನಿಮ್ಮ ಸಾಧನೆಯೇನು ಎಂದು ಕೇಳಿದರೆ ಬರುವ ಉತ್ತರ ಗೊತ್ತೇ ಇದೆ: “ನಾನೇನ್ ಮಾಡೀನ್ರೀ, ಮನೀ ಕೆಲಸ ಅಷ್ಟ.” ಕೇಳಬೇಕಾದ್ದು ಬೇರೆ. ಬರಗಾಲದ ವರ್ಷ ಒಲೆ ಹೇಗೆ ಹೊತ್ತಿತು, ಮಗಳನ್ನು ಶಾಲೆ ಬಿಡಿಸಬೇಕೆಂದಾಗ ಮನೆಯಲ್ಲಿ ಯಾರು ಏನಂದರು, ಆಗ ನೀವು ಏನಂದಿರಿ.

ಇಂಥ ಬಾಯಿಮಾತಿನ ಸಾಕ್ಷ್ಯಕ್ಕೆ ಬರಹದ ಆಸರೆಯೂ ಸಿಗುತ್ತದೆ. 2000–01ರಿಂದ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಹುಟ್ಟಿದ ಸ್ತ್ರೀಶಕ್ತಿ ಸಂಘಗಳ ನಡಾವಳಿ ಪುಸ್ತಕ, ಉಳಿತಾಯದ ಲೆಕ್ಕ, ಸಾಲದ ಖಾತೆಗಳನ್ನು ಇತಿಹಾಸದ ಆಕರಗಳೆಂದು ಪರಿಗಣಿಸುವ ಕಾಲ ಬಂದಿದೆ. ಆಸ್ಪತ್ರೆಗೆ, ಎಮ್ಮೆಗೆ, ಮಗಳ ಫೀಸಿಗೆ ಎಂದು ಪಡೆದ ಸಾಲ, ಅದು ವಾರವಾರ ತೀರಿದ ಬಗೆ, ಎದುರಿಗೆ ಸಹಿ ಅಥವಾ ಹೆಬ್ಬೆಟ್ಟು. ದುಡಿದವಳು ಬದುಕಿರುವಾಗಲೇ, ಅವಳ ಎದುರಿನಲ್ಲೇ, ಅವಳ ಒಪ್ಪಿಗೆಯೊಂದಿಗೆ ಬರೆದ ದಾಖಲೆ ಇದು. ಅವು ಮುಗಿದ ನೋಟ್‌ಬುಕ್ಕುಗಳೆಂದು ರದ್ದಿಗೆ ಹೋಗುವ ಮುಂಚೆ, ಸಂಘದ ಸದಸ್ಯೆಯರ ಅನುಮತಿ ಪಡೆದು, ಖಾಸಗಿ ವಿವರಗಳನ್ನು ಕಾಪಾಡಿಕೊಂಡು, ಪ್ರತಿ ತಾಲ್ಲೂಕಿನಿಂದ ಕೆಲವು ಸಂಘಗಳ ಪುಸ್ತಕಗಳನ್ನಾದರೂ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಮಹಿಳಾ ಅಧ್ಯಯನ ವಿಭಾಗಗಳು ಸಂಗ್ರಹಿಸತೊಡಗಬೇಕು.