ಬಿಸಿಲ ನಾಡಿನ ಸಿಂದಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಸರಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ರೂಢಿಯಿದೆ. ಉಷ್ಣಾಂಶ 42-43 ಡಿಗ್ರಿ ಮುಟ್ಟುವ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬಾಯಾರಿಕೆ ಸಣ್ಣ ಸಂಗತಿಯಲ್ಲ. ಮಜ್ಜಿಗೆ, ಜೋಳದ ಅಂಬಲಿ, ಬೆಲ್ಲದ ಪಾನಕ, ನಿಂಬೆ ಶರಬತ್ತು ಇಂದಿಗೂ ಉಳಿದಿವೆ. ಹಳ್ಳದ ದಂಡೆಯ ಈಚಲ ಗಿಡದಿಂದ ಇಳಿಯುತ್ತಿದ್ದ ಸಿಂದಿ ಮಾತ್ರ ಈ ಸಾಲಿನಿಂದ ಹೊರಬಿದ್ದಿದೆ.

ಹಳೆ ಮೈಸೂರಿನವರು ಹೆಂಡ ಎನ್ನುವುದೇ ಇಲ್ಲಿನ ಸಿಂದಿ. ಗಿಡದ ತಲೆಯ ಕೆಳಗೆ ಕಚ್ಚು ಹಾಕಿ ಸಂಜೆ ಗಡಿಗೆ ಕಟ್ಟಿದರೆ ರಾತ್ರಿಯಿಡೀ ರಸ ತೊಟ್ಟಿಕ್ಕುತ್ತದೆ. ಸೂರ್ಯ ಹುಟ್ಟುವ ಮುನ್ನ ಇಳಿಸಿದರೆ ಅದು ನೀರಾ, ಸಿಹಿಯುಂಟು, ಅಮಲಿಲ್ಲ. ಹೊತ್ತೇರಿದಂತೆ ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ನೊರೆಯುಕ್ಕುವ ಸಿಂದಿ, ಮರುದಿನಕ್ಕೆ ಹುಳಿ. ದ್ರಾಕ್ಷಿಯ ವೈನನ್ನು ವರ್ಷಗಟ್ಟಲೆ ಇಡಬಹುದು. ಸಿಂದಿಯ ಆಯಸ್ಸು ಒಂದೇ ದಿನ. ಅದರ ಚರಿತ್ರೆಯ ಬಹುಭಾಗ ಈ ಒಂದು ದಿನದ ಆಯಸ್ಸಿನಿಂದಲೇ ರೂಪುಗೊಂಡಿತು.

ಪಾನದ ಬಗೆಗಿನ ಎರಡು ನಿಲುವುಗಳು ಇಲ್ಲಿ ಬಹು ಹಿಂದೆಯೇ ಎದುರುಬದುರಾಗಿದ್ದವು. ಆಳಂದದ ಈಶಾನ್ಯಕ್ಕಿರುವ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ರಚಿಸಿದ. ಅದರಲ್ಲಿ ಪಾನೀಯ ಅರಸನ ಭೋಗಗಳಲ್ಲಿ ಒಂದು. ಮದ್ಯಪಾನ ಕ್ರೀಡೆಗಳಲ್ಲಿ ಒಂದು. ಕೆಲವೇ ದಶಕಗಳ ನಂತರ ಅದೇ ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯನಿದ್ದ. 'ಧರ್ಮೇಶ್ವರಲಿಂಗ' ಅಂಕಿತದ ಅವನ ವಚನಗಳು ಉಳಿದುಬಂದಿವೆ. ಅರಮನೆಗೆ ವಿನೋದವಾಗಿದ್ದದ್ದು ಅವನಿಗೆ ಹೊಟ್ಟೆಪಾಡು. ಶರಣನಾದ ಮೇಲೆ ಆತ್ಮಸಾಕ್ಷಿಯ ಪ್ರಶ್ನೆಯೂ ಹೌದು.

1948ರವರೆಗೆ ಈ ತಾಲ್ಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಬಕಾರಿ ಆ ಸಂಸ್ಥಾನದ ಬೊಕ್ಕಸದ ಮುಖ್ಯ ಆಧಾರಗಳಲ್ಲೊಂದು. ಒಂದೇ ದಿನ ಬಾಳುವ ಸರಕನ್ನು ಗೋದಾಮಿನಲ್ಲಿಟ್ಟು ಲೆಕ್ಕ ಹಿಡಿಯಲಾಗದು. ಆದ್ದರಿಂದ ತೆರಿಗೆ ಬಿದ್ದದ್ದು ಗಿಡಕ್ಕೆ; ಅಂಗಡಿಗಳು ಹೋದದ್ದು ಹರಾಜಿಗೆ. ಗುತ್ತೆ ಹಿಡಿದವನು ಗುತ್ತೇದಾರ. ಆ ಪದ ಇಂದಿಗೂ ಈ ಭಾಗದಲ್ಲಿ ಅಡ್ಡಹೆಸರಾಗಿ ಉಳಿದಿದೆ. ಆಳಂದ, ಅಫಜಲಪುರ ಎರಡೂ ಕ್ಷೇತ್ರಗಳಿಂದ ಆ ಅಡ್ಡಹೆಸರಿನವರು ವಿಧಾನಸಭೆಗೆ ಹೋಗಿದ್ದಾರೆ.

ಗುತ್ತೆಯ ಹಣವನ್ನು ವರ್ಷವಿಡೀ ದುಡಿಯಬೇಕು. ಗಿಡ ಮಾತ್ರ ತನ್ನ ಕಾಲಕ್ಕೇ ಸುರಿಯುತ್ತದೆ. ಈಚಲ ರಸ ಸಮೃದ್ಧವಾಗಿ ಇಳಿಯುವುದು ಚಳಿಗಾಲದಲ್ಲಿ. ಬಿಸಿಲು ಬಲಿತಂತೆ ರಸ ತಗ್ಗುತ್ತದೆ, ಬಾಯಾರಿಕೆ ಹೆಚ್ಚುತ್ತದೆ. ಈ ಕೊರತೆಯನ್ನು ತುಂಬಲು ಕಲಬೆರಕೆ ನುಗ್ಗಿತು. ನೀರು, ಸ್ಯಾಕರಿನ್, ಜೊತೆಗೆ ಅಮಲಿಗಾಗಿ ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆ ಬರಿಸುವ ರಾಸಾಯನಿಕ. ಕರ್ನಾಟಕದಲ್ಲೂ ನೆರೆಯ ತೆಲಂಗಾಣದಲ್ಲೂ ಇದು ದೊಡ್ಡ ಪಿಡುಗಾಯಿತು. ಇಂಥ ಬೆರಕೆಗೆ ಒಗ್ಗಿದ ದೇಹಕ್ಕೆ ಅದು ಒಮ್ಮೆಲೇ ತಪ್ಪಿದರೆ ನಡುಕ, ಭ್ರಮೆ, ಮೂರ್ಛೆಯಂಥ ಬಾಧೆಗಳು ಕಾಣಿಸಿಕೊಳ್ಳುತ್ತವೆ. ಅದಕ್ಕೆ ಹೆಚ್ಚಾಗಿ ಬಲಿಯಾದವರು ಕೂಲಿಯವರು.

ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯದ ಬಹುಭಾಗದಲ್ಲಿ ಸಿಂದಿ ಅಂಗಡಿಗಳು ಮುಚ್ಚಿದವು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಅದೇ 2007ರಲ್ಲಿ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ಬಾಟಲಿಯಲ್ಲಿ ಮುಚ್ಚಿಡಬಹುದಾದ, ಅಳೆಯಬಹುದಾದ ಪಾನೀಯಕ್ಕೆ ಪ್ರೋತ್ಸಾಹ ದೊರೆಯಿತು. ಗಡಿಗೆಯಿಂದ ಕುಡಿಯುವ ಪಾನೀಯ ಕಾನೂನಿನ ಹೊರಗಾಯಿತು. ಕಲಬೆರಕೆಯ ಅಪಾಯ ಸುಳ್ಳಲ್ಲವಾದ್ದರಿಂದ ಈ ಕ್ರಮವನ್ನು ಬರೀ ಪಕ್ಷಪಾತ ಎನ್ನುವಂತಿಲ್ಲ. ಆದರೆ ಕಲಬೆರಕೆ ಮಾಡಿದವರ ಜೊತೆಗೆ ಗಿಡ ಏರುವವನ ಕಸುಬೂ ಹೋಯಿತು. ಅಮಲಿಲ್ಲದ ನೀರಾ ಕೂಡ ಜನರ ಕೈಗೆ ಸಿಗದಂತಾಯಿತು. ತೆಂಗಿನ ನೀರಾಗೆ ರಾಜ್ಯದಲ್ಲಿ ಮುಂದೆ ದಾರಿ ತೆರೆಯಿತಾದರೂ ತೆಂಗು ಬಯಲುಸೀಮೆಯ ಈ ಕರಿಮಣ್ಣಿನ ಬೆಳೆಯಲ್ಲ.

ಈಚಲ ಗಿಡಕ್ಕೆ ಒಂದು ವರ್ಷ ಒಂದು ಮಗ್ಗುಲಿಗೆ, ಮರುವರ್ಷ ಇನ್ನೊಂದು ಮಗ್ಗುಲಿಗೆ ಕಚ್ಚು ಹಾಕುವುದು ಪದ್ಧತಿ. ಹಾಗಾಗಿ ಹಳೆಯ ಗಿಡದ ಮೈ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಎಣಿಸಿದರೆ ಎಷ್ಟು ವರ್ಷ ರಸ ಕೊಟ್ಟಿತೆಂದು ತಿಳಿಯುತ್ತದೆ. ಕಸುಬು ನಿಂತ ಗಿಡದಲ್ಲಿ ಕಚ್ಚುಗಳು ಕೆಳಗುಳಿದು, ನುಣುಪಾದ ಕಾಂಡ ಮೇಲೆ ಬೆಳೆದಿರುತ್ತದೆ. ಗರಿ ಈಗ ಕಸಬರಿಗೆಗೆ, ಚಾಪೆಗೆ ಒದಗುತ್ತದೆ.